ಹವಾನಿಯಂತ್ರಕದ ಕೊಳವೆಯೂ ತಂತಿಯೂ: ಗೃಹಸ್ಥರು ಅರಿತಿರಬೇಕಾದ ಕೆಲವು ಸಂಗತಿಗಳು

ಅರಸೀಕೆರೆಗೆ ಸಮೀಪದಲ್ಲಿರುವ ಮಾಲೇಕಲ್ಲು ತಿರುಪತಿಯ ಬೆಟ್ಟವನ್ನು ಬೇಸಗೆಯಲ್ಲಿ ಹತ್ತಿದವರಿಗೆ ಒಂದು ಸಂಗತಿ ತಾನಾಗಿಯೇ ತಿಳಿದಿರುವುದು. ಸಾವಿರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳನ್ನು ಬೆಳಗಿನ ಜಾವದಲ್ಲಿ ಏರುವಾಗ ಬರಿಗಾಲಿಗೆ ತಣ್ಣಗೆ ತಾಗುವ ಬಂಡೆಯು, ಸಂಜೆ ಸೂರ್ಯನು ಇಳಿದು ಬಹಳ ಹೊತ್ತಿನ ಮೇಲೂ ಕಾದ ಹೆಂಚಿನಂತೆಯೇ ಇರುವುದು. ಹಗಲೆಲ್ಲ ಕುಡಿದ ಬಿಸಿಲನ್ನು ಕಲ್ಲು ಇರುಳಿನಲ್ಲಿ ಮೆಲ್ಲಮೆಲ್ಲಗೆ ಹೊರಕ್ಕೆ ಬಿಡುತ್ತದೆ. ಇಂದು ನಮ್ಮ ಊರುಗಳಲ್ಲಿ ಸಾಲಾಗಿ ಎದ್ದಿರುವ ಕಾಂಕ್ರೀಟು ಮಾಳಿಗೆಯ ಮನೆಗಳು ಮಾಡುತ್ತಿರುವುದೂ ಇದನ್ನೇ. ಹೊರಗೆ ಗಾಳಿ ತಂಪಾದ ಮೇಲೂ ಒಳಗಿನ ಕೋಣೆ ಬೇಯುತ್ತಿರುತ್ತದೆ. ನೆತ್ತಿಯ ಮೇಲೆ ಪಂಖವನ್ನು ತಿರುಗಿಸಿದರೆ ಮಾಳಿಗೆಯ ಬಿಸಿಯೇ ಕೆಳಗಿಳಿದು ಮೈಗೆ ತಾಗುತ್ತದೆ.

ನಮ್ಮ ಹಿರಿಯರ ಮನೆಗಳು ಹೀಗಿರಲಿಲ್ಲ. ಮೊಳದಗಲದ ಮಣ್ಣಿನ ಗೋಡೆ, ನಡುವೆ ತೊಟ್ಟಿ, ಮೇಲೆ ಹೆಂಚು. ಅರಸೀಕೆರೆ, ತಿಪಟೂರು ಸೀಮೆಯ ತೆಂಗಿನ ಮನೆತನಗಳಲ್ಲಂತೂ ಇವೆಲ್ಲಕ್ಕೂ ಮೇಲೆ ಕೊಬ್ಬರಿಯ ಅಟ್ಟ. ಕಾಯನ್ನು ಸಿಪ್ಪೆಯೊಡನೆ ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ವರ್ಷವೊಂದು ಕಳೆಯುವವರೆಗೆ ಒಣಗಲು ಬಿಟ್ಟರೆ ಉಂಡೆ ಕೊಬ್ಬರಿಯಾಗುವುದು. ಆ ಕಾಯಿರಾಶಿಯೇ ಕೆಳಗೆ ಮಲಗಿದವರಿಗೆ ಬಿಸಿಲಿನಿಂದ ಮರೆಯಾಗಿತ್ತು. ಹೊಸ ಮನೆ ಕಟ್ಟಿಸಿದಾಗ ಅಟ್ಟವೂ ಹೋಯಿತು, ತೊಟ್ಟಿಯೂ ಹೋಯಿತು. ಬೇಸಗೆಯೂ ಹಳೆಯ ಬೇಸಗೆಯಾಗಿ ಉಳಿದಿಲ್ಲ. ತಂಪಿಗೆ ಹೆಸರಾದ ಬೆಂಗಳೂರಿನಲ್ಲಿಯೇ 2024ರ ಏಪ್ರಿಲ್ ಕೊನೆಯಲ್ಲಿ ಉಷ್ಣತೆ 38.5 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಬೇಲೂರು ಮಲೆನಾಡಿನ ಅಂಚಿನ ಊರು, ಅದಕ್ಕೆ ಮಳೆಯ ಆಸರೆಯುಂಟು. ಅರಸೀಕೆರೆಯಾದರೋ ಬಯಲುಸೀಮೆ.

ಆದಕಾರಣ ಹವಾನಿಯಂತ್ರಕವೆಂಬುದು ಇಂದು ಸಿರಿವಂತಿಕೆಯ ಕುರುಹಾಗಿ ಮಾತ್ರ ನಮ್ಮ ಮನೆಗಳಿಗೆ ಬರುತ್ತಿಲ್ಲ. ಹಾಸಿಗೆ ಹಿಡಿದ ವೃದ್ಧರಿಗಾಗಿ, ಉಬ್ಬಸದ ತೊಂದರೆಯುಳ್ಳವರಿಗಾಗಿ, ಬಾಣಂತಿ ಮಗುವಿಗಾಗಿ ಇದನ್ನು ತರುವ ಮನೆಗಳು ಹೆಚ್ಚುತ್ತಿವೆ. ಕೊಬ್ಬರಿ ಮಾರಿದ ಹಣದಲ್ಲಿಯೋ ಕಂತಿನ ಸಾಲದಲ್ಲಿಯೋ ತರುವ ಈ ಯಂತ್ರದ ಕಂಪನಿ, ಬೆಲೆ, ನಕ್ಷತ್ರಗಳ ಸಂಖ್ಯೆ ಇವುಗಳನ್ನು ಮನೆಮಂದಿಯೆಲ್ಲ ಕೂಡಿ ಚರ್ಚಿಸುತ್ತಾರೆ. ಅದನ್ನು ಗೋಡೆಗೆ ಕೂಡಿಸುವ ದಿನ ಮಾತ್ರ ಯಾರೂ ಹತ್ತಿರ ನಿಲ್ಲುವುದಿಲ್ಲ. ಯಂತ್ರದ ಆಯುಷ್ಯ, ಮನೆಯ ಸುರಕ್ಷತೆ ಎರಡೂ ನಿರ್ಣಯವಾಗುವುದು ಆ ಒಂದೆರಡು ಗಂಟೆಗಳಲ್ಲಿ. ಈ ಲೇಖನದ ಉದ್ದೇಶ ಆ ಹೊತ್ತಿನಲ್ಲಿ ನಡೆಯಬೇಕಾದ ಕೆಲಸವನ್ನು ಗೃಹಸ್ಥರ ಗಮನಕ್ಕೆ ತರುವುದಾಗಿದೆ.

ಮೊದಲು ಯಂತ್ರದ ಸ್ವರೂಪವನ್ನು ತಿಳಿಯೋಣ. ಹವಾನಿಯಂತ್ರಕವು ತಂಪನ್ನು ಹುಟ್ಟಿಸುತ್ತದೆ ಎಂಬುದು ಜನರಲ್ಲಿರುವ ಭಾವನೆ. ವಾಸ್ತವವಾಗಿ ಅದು ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುವ ಯಂತ್ರ. ಮಣ್ಣಿನ ಹೂಜಿಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಕೊಂಡೊಯ್ಯುತ್ತದೆಯಲ್ಲವೇ, ತತ್ತ್ವ ಅದೇ. ಇಲ್ಲಿ ನೀರಿನ ಬದಲು, ಬಹಳ ಕಡಿಮೆ ಉಷ್ಣತೆಯಲ್ಲಿಯೇ ಕುದಿಯುವ ಒಂದು ದ್ರವವುಂಟು. ಜನರು ಇದನ್ನು ಗ್ಯಾಸ್ ಎನ್ನುತ್ತಾರೆ, ಶೀತಕವೆಂದೂ ಕರೆಯಬಹುದು. ಕೋಣೆಯೊಳಗಿನ ಘಟಕದಲ್ಲಿ ಅದು ಕುದಿದು ಆವಿಯಾಗಿ ಶಾಖವನ್ನು ಹೀರುತ್ತದೆ. ಹೊರಗಿನ ಘಟಕದಲ್ಲಿರುವ ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ, ಫ್ಯಾನು ಆ ಬಿಸಿಯನ್ನು ಬಯಲಿಗೆ ಬಿಡುತ್ತದೆ, ಆವಿ ಮತ್ತೆ ದ್ರವವಾಗುತ್ತದೆ. ಈ ಚಕ್ರ ನಿಲ್ಲದೆ ತಿರುಗುತ್ತಿರುವುದು. ಇದನ್ನು ಇಂದಿನ ಅರ್ಥದಲ್ಲಿ ಮೊದಲು ರೂಪಿಸಿದವರು ಅಮೆರಿಕದ ವಿಲಿಸ್ ಕ್ಯಾರಿಯರ್, ವರ್ಷ 1902. ಮನುಷ್ಯರ ಸುಖಕ್ಕಾಗಿ ಅಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವದಿಂದ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡುತ್ತಿರಲಿಲ್ಲವಾದ್ದರಿಂದ! ಅಂಗಡಿಯವರು ಹೇಳುವ ‘ಒಂದು ಟನ್’, ‘ಒಂದೂವರೆ ಟನ್’ ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುವುದೋ ಅಷ್ಟು ಸಾಮರ್ಥ್ಯವೆಂದರ್ಥ, ಅಂದರೆ ಸುಮಾರು ಮೂರೂವರೆ ಕಿಲೋವಾಟ್.

ಒಳಗೊಂದು, ಹೊರಗೊಂದು ಎಂದು ಎರಡು ಘಟಕಗಳಿರುವ ಸ್ಪ್ಲಿಟ್ ಮಾದರಿಯೇ ಇಂದು ಹೆಚ್ಚು ಬಳಕೆಯಲ್ಲಿದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಫ್ರಿಜ್ಜು ಕಾರ್ಖಾನೆಯಿಂದಲೇ ಪೂರ್ಣವಾಗಿ ಮುಚ್ಚಿ ಬರುತ್ತದೆ, ತಂದು ಪ್ಲಗ್ಗು ಚುಚ್ಚಿದರೆ ಆಯಿತು. ಸ್ಪ್ಲಿಟ್ ಯಂತ್ರವಾದರೋ ಅರ್ಧ ಯಂತ್ರವಾಗಿ ಮನೆಗೆ ಬರುವುದು. ಉಳಿದರ್ಧ, ಎಂದರೆ ಎರಡು ಘಟಕಗಳನ್ನು ತಾಮ್ರದ ಕೊಳವೆಗಳಿಂದಲೂ ತಂತಿಗಳಿಂದಲೂ ಕೂಡಿಸುವ ಕಾರ್ಯ, ನಮ್ಮ ಗೋಡೆಯ ಮೇಲೆಯೇ ನಡೆಯತಕ್ಕದ್ದು. ಹೊಸ ಯಂತ್ರವಾದರೆ ಗ್ಯಾಸು ಹೊರಘಟಕದೊಳಗೆ ಕವಾಟದ ಹಿಂದೆ ತುಂಬಿಟ್ಟಿರುತ್ತದೆ. ಕೊಳವೆಯ ಕೆಲಸವೆಲ್ಲ ಮುಗಿದ ಮೇಲೆ ಕಟ್ಟಕಡೆಗೆ ಆ ಕವಾಟವನ್ನು ಬಿಚ್ಚುತ್ತಾರೆ.

ಗೋಡೆಯಲ್ಲಿ ಸುಮಾರು ಎರಡೂವರೆ ಇಂಚಿನ ರಂಧ್ರ ಬೇಕಾಗುವುದು. ಅದು ಹೊರಮುಖಕ್ಕೆ ಸ್ವಲ್ಪ ಇಳಿಜಾರಾಗಿರಬೇಕು, ಇಲ್ಲವಾದರೆ ಮಳೆಯ ನೀರೂ ಯಂತ್ರದ ನೀರೂ ಒಳಕ್ಕೇ ಬರುವುವು. ರಂಧ್ರದಲ್ಲಿ ಒಂದು ತುಂಡು ಪಿವಿಸಿ ಪೈಪನ್ನು ಕೂಡಿಸಿದರೆ ಗೋಡೆಯ ಅಂಚು ಕೊಳವೆಯ ಹೊದಿಕೆಯನ್ನು ಹರಿಯದು, ಇಲಿಗೂ ಸುಲಭದ ದಾರಿಯಾಗದು. ತೊಲೆ, ಕಂಬಗಳನ್ನು ಕೊರೆಯಲು ಎಂದಿಗೂ ಒಪ್ಪಬಾರದು. ಹಳೆಯ ಮಣ್ಣಿನ ಗೋಡೆಯ ಮೇಲೆ ಹೊರಘಟಕದ ಭಾರವನ್ನು ತೂಗುಹಾಕುವುದೂ ಬೇಡ; ನೆಲದಲ್ಲಿ ಗಟ್ಟಿಯಾದ ಕಟ್ಟೆ ಕಟ್ಟಿಸಿ ಅದರ ಮೇಲಿಡುವುದೇ ಲೇಸು. ತೆಂಗಿನ ಮರದ ಕೆಳಗೆ ನೆರಳಿದೆಯೆಂದು ಇಡುವ ಆಸೆ ಸಹಜವಾದುದು. ಆದರೆ ಕಾಯಿ ಬಿದ್ದರೂ ಕಷ್ಟ, ಗರಿ ಬಿದ್ದರೂ ಕಷ್ಟ. ಕಾಯಿ ಸುಲಿಯುವ ಅಂಗಳದ ಪಕ್ಕದಲ್ಲಿಟ್ಟರೆ ನಾರಿನ ಧೂಳು ಘಟಕದ ಬೆನ್ನಿನ ತೆಳು ರೆಕ್ಕೆಗಳಿಗೆ ಮೆತ್ತಿಕೊಂಡು ಶಾಖ ಹೊರಹೋಗದಂತಾಗುವುದು.

ತಾಮ್ರದ ಕೊಳವೆಗಳು ಎರಡು. ತೆಳುವಾದುದರಲ್ಲಿ ಒಳಕ್ಕೆ ದ್ರವ ಹೋಗುತ್ತದೆ, ಸಾಮಾನ್ಯವಾಗಿ ಕಾಲಿಂಚಿನದು. ದಪ್ಪನಾದುದರಲ್ಲಿ ಆವಿ ಹಿಂದಿರುಗುತ್ತದೆ, ಒಂದೂವರೆ ಟನ್ನಿನ ಯಂತ್ರಕ್ಕೆ ಸಾಮಾನ್ಯವಾಗಿ ಅರ್ಧ ಇಂಚು. ಮನೆಬಳಕೆಯ ಯಂತ್ರಗಳಲ್ಲಿ ದ್ರವದ ಒತ್ತಡವನ್ನು ಇಳಿಸುವ ಸಾಧನ ಹೊರಘಟಕದಲ್ಲಿಯೇ ಇರುವುದರಿಂದ ಎರಡು ಕೊಳವೆಗಳೂ ತಣ್ಣಗಿರುತ್ತವೆ. ಆದಕಾರಣ ಎರಡಕ್ಕೂ ಬೇರೆಬೇರೆಯಾಗಿ ಹೊದಿಕೆ ಇರಬೇಕು. ಎರಡನ್ನೂ ಒಂದೇ ಹೊದಿಕೆಯಲ್ಲಿ ತುರುಕಿದರೆ, ಅಥವಾ ಕೂಡುವ ಜಾಗದಲ್ಲಿ ನಾಲ್ಕು ಬೆರಳು ಬರಿದಾಗಿ ಬಿಟ್ಟರೆ, ಅಲ್ಲಿ ಹನಿಗೂಡಿ ಗೋಡೆ ನೆನೆದು ಸುಣ್ಣ ಉದುರುವುದು. ಬಿಸಿಲಿಗೆ ಬೀಳುವ ಭಾಗದ ಹೊದಿಕೆ ಕೆಲವೇ ವರ್ಷಗಳಲ್ಲಿ ಪುಡಿಯಾಗುವುದರಿಂದ ಅದರ ಮೇಲೆ ಪಟ್ಟಿ ಸುತ್ತಬೇಕು. ಕಾಯಿಯ ಅಟ್ಟವಿರುವ ಮನೆಯಲ್ಲಿ ಕೊಳವೆಯನ್ನೂ ತಂತಿಯನ್ನೂ ಅಟ್ಟದ ಮೂಲಕ ಹಾಯಿಸಲೇಬಾರದು. ಅಲ್ಲಿ ಇಲಿಗಳ ಸಾಮ್ರಾಜ್ಯ. ಕೆಳಗೆ ಒಣಗಿದ ಸಿಪ್ಪೆ, ಮೇಲೆ ಇಲಿ ಕಡಿದ ವಿದ್ಯುತ್ ತಂತಿ ಎಂದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಕೊಳವೆಯ ಕೆಲಸದಲ್ಲಿ ನುರಿತ ಕೈ ಯಾವುದು, ಅವಸರದ ಕೈ ಯಾವುದು ಎಂಬುದು ತುದಿಯನ್ನು ನೋಡಿದರೆ ಗೊತ್ತಾಗುವುದು. ಗರಗಸದಿಂದ ಕೊಯ್ಯುವಂತಿಲ್ಲ, ತಾಮ್ರದ ಪುಡಿ ಒಳಗೆ ಸೇರಿ ಕಂಪ್ರೆಸರನ್ನು ತಿನ್ನುತ್ತದೆ. ಚಕ್ರದ ಕಟರಿನಿಂದ ಕತ್ತರಿಸಿ, ತುದಿಯನ್ನು ನೆಲದ ಕಡೆಗೆ ಬಗ್ಗಿಸಿ ಹಿಡಿದು ಒಳಗಿನ ಚೂಪನ್ನು ಕೆರೆದು ತೆಗೆಯಬೇಕು. ಪುಡಿ ಕೆಳಕ್ಕೆ ಬೀಳಲೆಂದೇ ಆ ಬಗ್ಗಿಸುವಿಕೆ. ಆಮೇಲೆ ನಟ್ಟನ್ನು ಕೊಳವೆಗೆ ಪೋಣಿಸಿ, ಫ್ಲೇರಿಂಗ್ ಸಾಧನದಿಂದ ತುದಿಯನ್ನು ಕಹಳೆಯ ಬಾಯಿಯಂತೆ ಅರಳಿಸುವರು. (ನಟ್ಟನ್ನು ಪೋಣಿಸಲು ಮರೆತು ತುದಿಯನ್ನು ಅರಳಿಸಿ, ಮತ್ತೆ ಕತ್ತರಿಸುವುದು ಈ ಕಸುಬಿನಲ್ಲಿ ಹೊಸಬರೆಲ್ಲರೂ ಒಮ್ಮೆ ಮಾಡುವ ಕೆಲಸ.) ಅರಳಿದ ಬಾಯಿ ಸಮವಾಗಿ, ಸೀಳಿಲ್ಲದೆ, ಗೀರಿಲ್ಲದೆ ಹೊಳೆಯಬೇಕು. ನಟ್ಟನ್ನು ಮೊದಲು ಬೆರಳಿನಿಂದ ತಿರುಗಿಸಿ, ಅನಂತರ ಎರಡು ಸ್ಪ್ಯಾನರುಗಳಿಂದ ಬಿಗಿಯತಕ್ಕದ್ದು. ಕಾಲಿಂಚಿನ ನಟ್ಟಿಗೆ ಸುಮಾರು 15ರಿಂದ 18 ನ್ಯೂಟನ್-ಮೀಟರ್, ಅರ್ಧ ಇಂಚಿನದಕ್ಕೆ ಸುಮಾರು 50ರಿಂದ 60 ಎಂದು ಬಿಗಿತದ ಅಳತೆಯುಂಟು. ಇದನ್ನು ತೋರಿಸುವ ಟಾರ್ಕ್ ಸ್ಪ್ಯಾನರೂ ದೊರೆಯುವುದು. ಸಡಿಲವಾದರೆ ಸೋರುವುದು, ಅತಿಯಾಗಿ ಬಿಗಿದರೆ ತಾಮ್ರ ತೆಳುವಾಗಿ ಆರು ತಿಂಗಳಿಗೆ ಸೀಳುವುದು.

ಮುಂದೆ ಸೋರಿಕೆಯ ಪರೀಕ್ಷೆ. ಆರ್-32 ಎಂಬ ಇಂದಿನ ಶೀತಕವು ಬೇಸಗೆಯ ದಿನ ಹೊರಘಟಕದಲ್ಲಿ ಕಾರಿನ ಚಕ್ರದ ಗಾಳಿಗಿಂತ ಹತ್ತು ಪಟ್ಟಿಗೂ ಮೀರಿದ ಒತ್ತಡದಲ್ಲಿರುತ್ತದೆ. ಆದ್ದರಿಂದ ಒಣ ನೈಟ್ರೋಜನ್ ಅನಿಲವನ್ನು ಕೊಳವೆಗೆ ತುಂಬಿ, ಕೀಲುಗಳಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವುದೋ ಎಂದು ನೋಡಬೇಕು. ಈ ಕೆಲಸಕ್ಕೆ ವೆಲ್ಡಿಂಗಿನ ಆಮ್ಲಜನಕದ ಸಿಲಿಂಡರನ್ನು ಬಳಸುವವರು ಕಂಡರೆ ಆ ಕ್ಷಣವೇ ತಡೆಯಬೇಕು. ಒತ್ತಡದ ಆಮ್ಲಜನಕ ಕಂಪ್ರೆಸರಿನ ಎಣ್ಣೆಯನ್ನು ಸೋಕಿದರೆ ಸ್ಫೋಟವಾಗುವುದು. ಪ್ರಾಣಕ್ಕೆ ಅಪಾಯ, ಇದರಲ್ಲಿ ದಾಕ್ಷಿಣ್ಯ ಸಲ್ಲದು.

ಇನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೈಬಿಟ್ಟು ಹೋಗುವ ಹಂತ, ಕೊಳವೆಯೊಳಗಿನ ಗಾಳಿಯನ್ನು ಹೊರತೆಗೆಯುವುದು. ಹೊಸದಾಗಿ ಕೂಡಿಸಿದ ಕೊಳವೆಯೊಳಗೆ ನಮ್ಮ ಸುತ್ತಲಿನ ಗಾಳಿ, ಅದರೊಡನೆ ತೇವ ಇದ್ದೇ ಇರುತ್ತದೆ. ಆ ತೇವ ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಆಮ್ಲವಾಗಿ, ಒಳಗಿನ ತಂತಿಸುರುಳಿಯ ಲೇಪವನ್ನು ವರ್ಷಗಟ್ಟಲೆ ಮೆಲ್ಲಗೆ ತಿನ್ನುತ್ತ ಬರುವುದು. ಇದಕ್ಕೆ ಮದ್ದು ವ್ಯಾಕ್ಯೂಮ್ ಪಂಪು. ಅದನ್ನು ಹಚ್ಚಿ ಕನಿಷ್ಠ ಇಪ್ಪತ್ತು ನಿಮಿಷ ಓಡಿಸಿದರೆ ಒತ್ತಡ ಎಷ್ಟು ಇಳಿಯುವುದೆಂದರೆ ತೇವವು ಬಿಸಿಯಿಲ್ಲದೆಯೇ ಕುದಿದು ಆವಿಯಾಗಿ ಹೊರಹೋಗುವುದು. ಸುತ್ತಲಿನ ಗಾಳಿಯ ಒತ್ತಡ 7,60,000 ಮೈಕ್ರಾನ್ ಆದರೆ, ಕೊಳವೆಯೊಳಗೆ ಅದು 500 ಮೈಕ್ರಾನ್‌ಗೆ ಇಳಿಯಬೇಕೆಂಬುದು ಕಸುಬಿನ ನಿಯಮ. ಪಂಪನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕಾದರೆ ಮುಳ್ಳು ಮೇಲೇರದೆ ನಿಲ್ಲತಕ್ಕದ್ದು. ಏರಿದರೆ ಎಲ್ಲಿಯೋ ಸೋರುತ್ತಿದೆ ಎಂದರ್ಥ. ಮೇ ತಿಂಗಳಿನಲ್ಲಿ ದಿನಕ್ಕೆ ಐದಾರು ಮನೆಗಳ ಕೆಲಸ ಹೊತ್ತ ಮೆಕ್ಯಾನಿಕ್ ಪಂಪನ್ನು ಗಾಡಿಯಲ್ಲಿಯೇ ಬಿಟ್ಟು, ಹೊರಘಟಕದ ಕವಾಟವನ್ನು ಒಂದೆರಡು ಕ್ಷಣ ತೆರೆದು, ಗ್ಯಾಸಿನಿಂದಲೇ ಗಾಳಿಯನ್ನು ತಳ್ಳಿ ‘ಮುಗಿಯಿತು’ ಎನ್ನುವುದುಂಟು. ಅಂದು ಕೋಣೆ ಚೆನ್ನಾಗಿಯೇ ತಣ್ಣಗಾಗುವುದು. ಮೂರನೆಯ ಬೇಸಗೆಗೆ ಕಂಪ್ರೆಸರ್ ಕೆಟ್ಟಾಗ ಯಾರೂ ಆ ದಿನವನ್ನು ನೆನೆಯುವುದಿಲ್ಲ, ಕಂಪನಿಯನ್ನೇ ಹಳಿಯುತ್ತಾರೆ.

ಹಾಗೆ ಹೊರಗೆ ಬಿಟ್ಟ ಗ್ಯಾಸು ಬಯಲಿನಲ್ಲಿ ಕರಗಿಹೋಗುವುದೆಂದು ತಿಳಿಯಬೇಡಿ. ಹಿಂದಿನ ಶೀತಕಗಳು ಓಜೋನ್ ಪದರವನ್ನು ಹರಿಯುತ್ತಿದ್ದವು. 1987ರ ಮಾಂಟ್ರಿಯಲ್ ಒಪ್ಪಂದದಿಂದ ಜಗತ್ತು ಅವುಗಳನ್ನು ಹಂತಹಂತವಾಗಿ ಕೈಬಿಟ್ಟಿತು. ಅವುಗಳ ಜಾಗಕ್ಕೆ ಬಂದವು ಓಜೋನಿಗೆ ಹಾನಿ ಮಾಡವಾದರೂ ಭೂಮಿಯ ಬಿಸಿಯನ್ನು ಹೆಚ್ಚಿಸುವುವು. ಒಂದು ಕಿಲೋ ಆರ್-410ಎ ಸುಮಾರು 2088 ಕಿಲೋ ಇಂಗಾಲದ ಡೈಆಕ್ಸೈಡಿಗೆ, ಒಂದು ಕಿಲೋ ಆರ್-32 ಸುಮಾರು 675 ಕಿಲೋಗೆ ಸಮ. ಇವುಗಳನ್ನು ತಗ್ಗಿಸಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ತಿದ್ದುಪಡಿಯಾಯಿತು, ಭಾರತ 2021ರಲ್ಲಿ ಅದನ್ನು ಅನುಮೋದಿಸಿತು. ಬಿಸಿಲಿನಿಂದ ಪಾರಾಗಲು ತಂದ ಯಂತ್ರವು ಬಿಸಿಲನ್ನೇ ಹೆಚ್ಚಿಸುವುದೆಂದರೆ ಇದೇ. ‘ವರ್ಷವರ್ಷವೂ ಗ್ಯಾಸು ತುಂಬಿಸಬೇಕು’ ಎಂಬ ಮಾತೂ ಸುಳ್ಳು. ಸೋರಿಕೆಯಿಲ್ಲದ ಯಂತ್ರದಲ್ಲಿ ಗ್ಯಾಸು ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಸೋರುವ ಜಾಗವನ್ನು ಹುಡುಕಿ ಸರಿಪಡಿಸಿ ಅನಂತರ ತುಂಬಿಸಿ ಎಂದು ಗಟ್ಟಿಯಾಗಿ ಕೇಳಬೇಕು.

ಆರ್-32 ಸ್ವಲ್ಪಮಟ್ಟಿಗೆ ಉರಿಯುವ ಗುಣದ್ದು, ಪ್ರೊಪೇನಿನ ಜಾತಿಯ ಆರ್-290 ಚೆನ್ನಾಗಿಯೇ ಉರಿಯುವಂಥದು. ಹೆದರಬೇಕಾಗಿಲ್ಲ, ಎಚ್ಚರ ಬೇಕು. ಕೋಣೆ ಇಷ್ಟಕ್ಕಿಂತ ಚಿಕ್ಕದಾಗಿರಬಾರದು, ಅಲ್ಲಿ ಸದಾ ಉರಿಯುವ ಬೆಂಕಿ ಇರಬಾರದು ಎಂದು ಕೈಪಿಡಿಯಲ್ಲಿಯೇ ಬರೆದಿರುತ್ತದೆ. ನಮ್ಮ ಮನೆಗಳಲ್ಲಿ ಇದು ಮುಖ್ಯ. ಮಲಗುವ ಕೋಣೆಯ ಮೂಲೆಯಲ್ಲಿಯೇ ಪೂಜೆಯ ಜಾಗವಿದ್ದು ಅಲ್ಲಿ ನಂದಾದೀಪ ಉರಿಯುತ್ತಿದ್ದರೆ, ಯಂತ್ರವನ್ನು ಬೇರೆ ಕೋಣೆಗೆ ಹಾಕಿಸುವುದು ಒಳ್ಳೆಯದು. ಸೋರಿದ ಗ್ಯಾಸು ಜ್ವಾಲೆಗೆ ತಾಗಿದರೆ ವಿಷದ ಹೊಗೆಯಾಗಬಲ್ಲದು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಾಣಂತಿಗೆಂದು ಕೆಂಡದ ಲೋಬಾನ ಹಾಕುವುದೂ ಆಗದು. ಈ ಯಂತ್ರ ಹೊರಗಿನ ಗಾಳಿಯನ್ನು ತರುವುದಿಲ್ಲ, ಇದ್ದ ಗಾಳಿಯನ್ನೇ ತಿರುಗಿಸುತ್ತದೆ.

ಈಗ ವಿದ್ಯುತ್ತಿನ ವಿಷಯ. ಒಂದೂವರೆ ಟನ್ನಿನ ಯಂತ್ರವು ಪೂರ್ಣ ಓಟದಲ್ಲಿ ಸುಮಾರು 1500 ವಾಟ್, ಎಂದರೆ ಏಳು ಆಂಪಿಯರಿನಷ್ಟು ವಿದ್ಯುತ್ತನ್ನು ಗಂಟೆಗಟ್ಟಲೆ ಎಳೆಯುತ್ತದೆ. ಗೀಸರು ಹತ್ತು ನಿಮಿಷದ ಅತಿಥಿ. ಇದು ಇರುಳೆಲ್ಲ ಇರುವಂಥದು. ಆದ್ದರಿಂದ ಇದಕ್ಕೆ ಮುಖ್ಯ ಫಲಕದಿಂದ ನೇರವಾಗಿ ಬೇರೆಯೇ ತಂತಿ ಎಳೆಯಬೇಕು. ದೀಪ, ಪಂಖಗಳ ಸಾಲಿನಿಂದ ಕವಲು ತೆಗೆಯುವಂತಿಲ್ಲ. ತಾಮ್ರದ ತಂತಿ 2.5 ಚದರ ಮಿಲಿಮೀಟರಿಗೆ ಕಡಿಮೆಯಿರಬಾರದು. ಮೀಟರಿನಿಂದ ಕೋಣೆ ದೂರವಿದ್ದರೆ, ಯಂತ್ರ ದೊಡ್ಡದಾದರೆ 4 ಚದರ ಮಿಲಿಮೀಟರ್. ಅದರದೇ ಆದ 16 ಅಥವಾ 20 ಆಂಪಿಯರಿನ ಎಂಸಿಬಿ ಇರಬೇಕು. ಎಂಸಿಬಿ ಇರುವುದು ಯಂತ್ರವನ್ನು ಕಾಯಲು ಎನ್ನುವುದಕ್ಕಿಂತ ಗೋಡೆಯೊಳಗಿನ ತಂತಿಯನ್ನು ಕಾಯಲು. ಮೇಲಿಂದ ಮೇಲೆ ಬೀಳುತ್ತದೆಯೆಂದು 32 ಆಂಪಿಯರಿನದನ್ನು ಹಾಕಿಸಿಕೊಂಡರೆ ಕಾವಲುಗಾರನನ್ನು ಮಲಗಿಸಿದಂತೆ. 1980, 90ರ ದಶಕಗಳ ಮನೆಗಳಲ್ಲಿ ಫ್ಯೂಸು ಕಟ್ಟಿದ ಹಳೆಯ ಫಲಕ, ಅಲ್ಯೂಮಿನಿಯಂ ತಂತಿ ಇನ್ನೂ ಉಳಿದಿವೆ. ಅಂಥಲ್ಲಿ ಯಂತ್ರಕ್ಕಿಂತ ಮೊದಲು ವೈರಿಂಗಿಗೆ ಹಣ ತೆಗೆದಿಡಬೇಕು.

ಒಳಘಟಕ ಹೊರಘಟಕಗಳ ನಡುವಿನ ತಂತಿಗೆ ನಡುದಾರಿಯಲ್ಲಿ ಗಂಟು ಇರಕೂಡದು. ತಿರುಚಿ ಟೇಪು ಸುತ್ತಿದ ಗಂಟು ಬಿಸಿಯಾಗುವ ಬಗೆಯೇ ಬೇರೆ: ವಿದ್ಯುತ್ತು ಇಮ್ಮಡಿಯಾದರೆ ಬಿಸಿ ನಾಲ್ಮಡಿಯಾಗುವುದು. ಯಂತ್ರದ ಒಳಗಿನ ಸ್ಕ್ರೂಗಳು ಸಡಿಲವಿದ್ದರೂ ಇದೇ ಕಥೆ. ಎರಡೂ ಕಡೆಯ ಅಂಕಿಗಳು ತಾಳೆಯಾಗುವಂತೆ ತಂತಿ ಸೇರಿಸಿ, ಬಿಗಿದು, ಒಮ್ಮೆ ಎಳೆದು ನೋಡಬೇಕು.

ಅರ್ಥಿಂಗ್ ನಮ್ಮ ಬಯಲುಸೀಮೆಯ ದೊಡ್ಡ ಕೊರತೆ. ಮೂರು ಕಣ್ಣಿನ ಸಾಕೆಟ್ಟು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆಯೆಂದು ಭಾವಿಸಲಾಗದು. ಎಷ್ಟೋ ಕಡೆ ಮೂರನೆಯ ಕಣ್ಣು ಕುರುಡು. ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಪೈಪು ನೆಟ್ಟಿದ್ದರೂ ಬೇಸಗೆಯಲ್ಲಿ ಮಣ್ಣು ಒಣಗಿದರೆ ಅದು ಕೆಲಸ ಮಾಡುವುದಿಲ್ಲ. ವಾರಕ್ಕೆರಡು ಬಾರಿ ಕೊಡ ನೀರು ಹುಯ್ಯುವ ರೂಢಿ ಇರಲಿ. ಇದರೊಂದಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ, ಹೊರಘಟಕದ ತಗಡಿಗೆ ವಿದ್ಯುತ್ತು ಸೋರಿದಾಗ ಅಂಗಳದಲ್ಲಾಡುವ ಮಗು ಮುಟ್ಟಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿದುಹೋಗುವುದು. ಹಳ್ಳಿಗಳಲ್ಲಿ ಪಂಪುಸೆಟ್ಟುಗಳು ಒಟ್ಟಿಗೆ ಓಡುವಾಗ ವೋಲ್ಟೇಜು ಕುಸಿಯುವುದೆಲ್ಲರಿಗೂ ಗೊತ್ತು. ಸ್ಟೆಬಿಲೈಸರಿನ ಅಗತ್ಯವನ್ನು ಮನೆಯ ವೋಲ್ಟೇಜನ್ನು ಅಳೆದು ತೀರ್ಮಾನಿಸಬಹುದು.

ಹಾಸನ ಜಿಲ್ಲೆಗೆ ವಿದ್ಯುತ್ ಪೂರೈಸುವುದು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಮೀಟರಿನ ಮಂಜೂರಾದ ಹೊರೆ ಒಂದೇ ಕಿಲೋವಾಟ್ ಇದ್ದರೆ ಮೊದಲು ಅದನ್ನು ಏರಿಸಿಕೊಳ್ಳತಕ್ಕದ್ದು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಲೆಕ್ಕವನ್ನೂ ಮರೆಯಬಾರದು. ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತದ ಮಿತಿಯಿದೆ. ತಿಂಗಳಿಗೆ 200 ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಈ ಯಂತ್ರ ಇರುಳಿಗೆ ಐದಾರು ಯೂನಿಟ್ಟು ತೆಗೆದುಕೊಂಡರೆ ತಿಂಗಳಿಗೆ 150ರಿಂದ 180 ಅದರದೇ ಆಗುವುದು. 24 ಡಿಗ್ರಿಗೆ ಇಟ್ಟು ಜೊತೆಗೆ ಪಂಖ ಹಾಕಿಕೊಂಡರೆ ಬಹಳಷ್ಟು ಉಳಿಯುವುದು. 2020ರಿಂದ ನಕ್ಷತ್ರ ಗುರುತಿನ ಯಂತ್ರಗಳು 24ರಲ್ಲಿಯೇ ಆರಂಭವಾಗುವಂತೆ ನಿಯಮವಾಗಿದೆ. ಮಾಳಿಗೆಗೆ ಬಿಳಿ ಸುಣ್ಣ ಬಳಿಸುವುದು, ಮೇಲೆ ತೆಂಗಿನ ಗರಿಯ ಚಪ್ಪರ ಹಾಕುವುದು ಇವೆಲ್ಲ ಹಳೆಯ ಉಪಾಯಗಳಾದರೂ ಯಂತ್ರದ ಹೊರೆಯನ್ನು ಇಳಿಸುವುವು. ನನ್ನ ಅಭಿಪ್ರಾಯದಲ್ಲಿ ಯಂತ್ರಕ್ಕೆ ಮುಂಚೆ ಮಾಡಬೇಕಾದುದೇ ಇದು.

ಕೊನೆಗೆ ಕೆಲಸ ಮಾಡುವವರ ಬಗ್ಗೆ ಎರಡು ಮಾತು. ಮಹಡಿಯ ಮೇಲೆ, ಒಂದೂವರೆ ಅಡಿಯ ಸಜ್ಜದ ಮೇಲೆ ನಿಂತು ಮೂವತ್ತು ನಲವತ್ತು ಕಿಲೋದ ಹೊರಘಟಕವನ್ನು ಎತ್ತುವ ಹುಡುಗನು ಯಾರದೋ ಮನೆಯ ಮಗ. ಸೊಂಟಕ್ಕೆ ಸುರಕ್ಷಾ ಪಟ್ಟಿಯಿಲ್ಲದೆ ಅವನನ್ನು ಸಜ್ಜಕ್ಕೆ ಇಳಿಸಬಾರದು. ‘ಬೇಗ ಮುಗಿಸಪ್ಪ’ ಎನ್ನುವ ನಮ್ಮ ಅವಸರವೇ ಅವನ ಪಂಪನ್ನು ಗಾಡಿಯಲ್ಲಿ ಉಳಿಸುವುದು, ಪಟ್ಟಿಯನ್ನು ಚೀಲದಲ್ಲಿ ಉಳಿಸುವುದು. ಕಾಯಕದ ಮಾತನ್ನಾಡುವ ನಾವು ಕೂಲಿ ಚೌಕಾಸಿ ಮಾಡುವಾಗ ಈ ಇಪ್ಪತ್ತು ನಿಮಿಷಗಳ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಬೆಳಗಿನ ಹೊತ್ತು ಕರೆಸಿ, ಬಿಸಿಲೇರುವ ಮುನ್ನ ಹೊರಗಿನ ಕೆಲಸ ಮುಗಿಯುವಂತೆ ನೋಡಿಕೊಂಡರೆ ಇಬ್ಬರಿಗೂ ಅನುಕೂಲ. ವಿದ್ಯುತ್ತಿನ ಭಾಗವನ್ನು ಪರವಾನಗಿಯುಳ್ಳ ಗುತ್ತಿಗೆದಾರರಿಂದಲೇ ಮಾಡಿಸಬೇಕು.

ಹೋಗುವ ಮುನ್ನ ನೀರಿನ ಪೈಪನ್ನು ಪರೀಕ್ಷಿಸಿ. ಒಳಘಟಕದ ತಟ್ಟೆಗೆ ಒಂದು ಲೋಟ ನೀರು ಸುರಿದರೆ ಅದು ತಡೆಯಿಲ್ಲದೆ ಹೊರಗೆ ಬರಬೇಕು. ಮೀಟರಿಗೆ ಒಂದು ಸೆಂಟಿಮೀಟರಿನಷ್ಟಾದರೂ ಇಳಿಜಾರು ಬೇಕು, ನಡುವೆ ಜೋಲಬಾರದು. ತೇವದ ದಿನಗಳಲ್ಲಿ ಈ ಯಂತ್ರ ಗಾಳಿಯಿಂದಲೇ ಹಲವು ಲೀಟರು ನೀರನ್ನು ಇಳಿಸುವುದುಂಟು. ಕುಡಿಯಲು ಅದು ಯೋಗ್ಯವಲ್ಲ. ಪೈಪಿನ ಬಾಯಿಯನ್ನು ಚರಂಡಿಗೆ ಬಿಡದೆ ಹಿತ್ತಲಿನ ತೆಂಗಿನ ಪಾತಿಗೆ ತಿರುಗಿಸಿದರಾಯಿತು.